ಕೋಡಂಗಿಯಿಂದ ಎರಡನೇ ವೇಷದವರೆಗೆ

ನಮ್ಮ ಯಕ್ಷಗಾನದ ಮಾಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಊರೂರು ತಿರುಗಿ ಆಟ ಆಡುವ ಮೇಳಗಳು ಗೆಜ್ಜೆ ಬಿಚ್ಚಿ, ಕಲಾವಿದರೆಲ್ಲ ಮನೆ ಸೇರಿದ ಮೇಲೆ ಹೋದರು. ಹಾಗಾಗಿ ಶಿಷ್ಯರೆಲ್ಲರಿಗೂ ಬರಲು ಸಾಧ್ಯವಾಯಿತು. ಮಳೆ ಹನಿಯುವ ಅಂಗಳದ ಚಪ್ಪರದಲ್ಲಿ ನಾವು ಬಹಳ ವರ್ಷಗಳ ನಂತರ ಒಟ್ಟಿಗೆ ಕುಳಿತೆವು. ಮೇಳದಲ್ಲಿ ಹೆಸರು ಮಾಡಿದವರಿದ್ದರು. ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ಕಲಿತು ನಾಟಕದವನಾದ ಗೆಳೆಯನಿದ್ದ. ಬೆಂಗಳೂರಲ್ಲಿ ಹೋಟೆಲು ನಡೆಸುತ್ತ, ಭಾನುವಾರ ಮಕ್ಕಳಿಗೆ ಹೆಜ್ಜೆ ಹೇಳಿಕೊಡುವವನೂ ಬಂದಿದ್ದ. ಅಲ್ಲಿಗೆ ಬಂದಿದ್ದ, ನಾವು ಕಲಿತ ಯಕ್ಷಗಾನ ಕೇಂದ್ರದ ಸಂಚಿಕೆಯ ಸಂಪಾದಕರು, 'ಸಂಚಿಕೆಗೆ ನೀವೇ ಬರೆಯಬೇಕು' ಎಂದರು. ನಮ್ಮ ತಂಡದಿಂದ ಮೇಳಕ್ಕೆ ಹೋಗಿ, ಹೊಸಬರು ಕುಣಿಯುವ ಕೋಡಂಗಿಯಿಂದ ಹಿಡಿದು ಮೇಳದ ಪ್ರಮುಖ ವೇಷವಾದ ಎರಡನೇ ವೇಷದವರೆಗೆ ಎಲ್ಲ ವೇಷ ಮಾಡಿದವನು ನಾನು. ಬರೆಯುವ ಹಕ್ಕೂ ಇದೆ, ಬಾಧ್ಯತೆಯೂ ಇದೆ ಅಂತ ಒಪ್ಪಿಕೊಂಡೆ.

ಕೇಂದ್ರದಲ್ಲಿ ಏನೇನು ಪಾಠ ಇತ್ತು ಎಂದು ಕೇಳಿದರೆ ಈಗ ಪಟ್ಟಿ ಹೇಳಲಾರೆ. ಬರವಣಿಗೆಯ ಪರೀಕ್ಷೆಯೂ ಒಂದಿತ್ತು. ಅದರಲ್ಲಿ ಏನು ಬರೆದೆವೋ ದೇವರಿಗೇ ಗೊತ್ತು. ನೆನಪಿರುವುದು ಬೆಳಗಿನ ಜಾವ. ಬೆಳಕು ಹರಿಯುವ ಮೊದಲೇ ಮದ್ದಲೆ ಮಾಷ್ಟ್ರು ಜಗಲಿಯಲ್ಲಿ ಕೂತಿರುತ್ತಿದ್ದರು. ಕುಣಿಯಲು ಬಂದವರಿಗೂ ಅವರು ಮೊದಲು ಬಾಯಿತಾಳ ಕಲಿಸುತ್ತಿದ್ದರು. ಏಕತಾಳ, ರೂಪಕ, ಝಂಪೆ, ತ್ರಿವುಡೆ, ಅಷ್ಟತಾಳ, ಎಲ್ಲವೂ ಮೊದಲು ಬಾಯಲ್ಲಿ, ನಂತರ ತೊಡೆಯ ಮೇಲೆ, ಅದರ ನಂತರವೇ ಕಾಲಿಗೆ. ಸ್ನಾನಕ್ಕೆ ಹೊಳೆಗೆ ಹೋಗುವಾಗಲೂ ತಾಳ ಹಾಕುತ್ತಲೇ ನಡೆಯಬೇಕು. ಮಾತಾಡಿಸಿದರೆ ಉತ್ತರ ಕೊಡಬೇಕು, ತಾಳ ಮಾತ್ರ ತಪ್ಪಬಾರದು. ಮದ್ದಲೆ ಮಾಷ್ಟ್ರು ಸಿಟ್ಟು ಮಾಡಿದ್ದನ್ನು ನಾನು ಕಾಣಲಿಲ್ಲ. ತಪ್ಪಿದರೆ ಕೈ ನಿಲ್ಲಿಸಿ ಸುಮ್ನೆ ನಮ್ಮ ಮುಖ ನೋಡುತ್ತಿದ್ದರು. ಅದಕ್ಕಿಂತ ನಾಲ್ಕು ಪೆಟ್ಟು ಕೊಟ್ಟಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು.

ಹೆಜ್ಜೆಯ ಮಾಷ್ಟ್ರು ಅಂದರೆ ಈಗ ತೀರಿಕೊಂಡವರು. ಅವರು ಬೇರೆಯೇ ಥರ. ಎತ್ತರದ ಆಳು. ನೆಲಕ್ಕೆ ಮೊಣಕಾಲೂರಿ ಸುತ್ತುವ ಮಂಡಿ ಹಾಕಿ ಹಾಕಿ ಮೊಣಕಾಲು ಸವೆದಿತ್ತು. ನಡೆಯುವಾಗ ಸ್ವಲ್ಪ ಓಲುತ್ತಿದ್ದರು. ಆದರೆ ಮದ್ದಲೆಯ ಸದ್ದು ಕೇಳಿದ ಕೂಡಲೇ ಆ ಓಲಾಟ ಎಲ್ಲಿ ಹೋಗುತ್ತಿತ್ತೋ! ನಲವತ್ತು ವರ್ಷ ಮೇಳದಲ್ಲಿ ತಿರುಗಿದವರು. ಶಾಲೆಗೆ ಹೋದದ್ದು ಕಡಿಮೆ. ಆದರೂ ಅವರ ಬಾಯಲ್ಲಿ ಬರುವ ಕನ್ನಡ ಕೇಳಿ ಕಾಲೇಜಿನ ಅಧ್ಯಾಪಕರು ತಲೆದೂಗುತ್ತಿದ್ದರು. ಆ ಮಾತು ಅವರಿಗೆ ಬಂದದ್ದು ಹೂವಿನಕೋಲಿನಿಂದ. ನವರಾತ್ರಿಯಲ್ಲಿ ಹೂ ಕಟ್ಟಿದ ಕೋಲು ಹಿಡಿದು, ಹಾಡುವ ಭಾಗವತರ ಜೊತೆ ಮನೆಮನೆಗೆ ಹೋಗಿ ಹುಡುಗರು ಎದುರು ಬದುರು ಕೂತು ಪಾತ್ರವಾಗಿ ಮಾತಾಡಿ ಪದ್ಯಗಳ ಅರ್ಥ ಹೇಳುವ ಪದ್ಧತಿ ನಮ್ಮ ಕಡೆ ಇದೆ. ಅವರು ಹಲ್ಲು ಬೀಳುವ ವಯಸ್ಸಿನಲ್ಲೇ ಹಾಗೆ ಹೋದವರು. ಅದು ಮೊದಲ ಶಾಲೆ. ನಂತರ ವೇಷ, ಕುಣಿತ ಇಲ್ಲದ ತಾಳಮದ್ದಳೆಯಲ್ಲಿ ಹಿರಿಯರ ಪಕ್ಕದಲ್ಲಿ ಕೂತು ಸಣ್ಣ ಪಾತ್ರದ ಅರ್ಥ. ಮೈಕೈ ಗಟ್ಟಿಯಾದ ಮೇಲೆ ಮೇಳ.

ಮೇಳದೊಳಗೂ ಒಂದು ಕ್ರಮ ಇತ್ತು. ಈಗಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕು. ನಮ್ಮ ಬಡಗುತಿಟ್ಟಿನ, ಅಂದರೆ ಬಡಗು ಶೈಲಿಯ, ಆಟ ಹಿಂದೆ ಬೆಳಗಿನವರೆಗೆ ನಡೆಯುತ್ತಿತ್ತು. ಶುರುವಿಗೆ ಪೂರ್ವರಂಗ, ಅಂದರೆ ಕತೆಗೆ ಮೊದಲಿನ ಹಾಡು, ಕುಣಿತ. ಮೊದಲು ಕೋಡಂಗಿಗಳು ಬರುತ್ತಾರೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರೇ ಕೋಡಂಗಿಗಳು. ವೇಷ ಅಂತ ಹೆಚ್ಚೇನೂ ಇಲ್ಲ, ಮಾತೂ ಇಲ್ಲ. ಕಲಿತ ಹೆಜ್ಜೆಗಳನ್ನು ಕುಣಿದು ಹೋಗುವುದು, ಅಷ್ಟೇ. ಒಂದೆರಡು ತಿರುಗಾಟ ಕಳೆದ ಮೇಲೆ ಎಳೆಯ ಕೃಷ್ಣ, ಬಲರಾಮರ ವೇಷವಾದ ಬಾಲಗೋಪಾಲ. ಆಮೇಲೆ ಪೀಠಿಕೆಯ ಸ್ತ್ರೀವೇಷ. ಆಮೇಲೆ ಒಡ್ಡೋಲಗದಲ್ಲಿ, ಅಂದರೆ ಪಾತ್ರಗಳು ಒಟ್ಟಾಗಿ ರಂಗಕ್ಕೆ ಬರುವ ಪ್ರವೇಶದಲ್ಲಿ, ಕೊನೆಗೆ ನಿಲ್ಲುವ ವೇಷ. ಹೀಗೆ ಮುಂದಕ್ಕೆ ಬರುತ್ತ ಬರುತ್ತ ಪುರುಷವೇಷ, ಕೊನೆಗೆ ಎರಡನೇ ವೇಷ. ಮೊದಲನೇ ವೇಷ ಯಾವುದು ಅಂದರೆ ಭಾಗವತರೇ ಎಂದು ಹಿರಿಯರು ಹೇಳುತ್ತಿದ್ದರು. ಹಾಡುವವರಿಗೂ ಇದೇ ಕ್ರಮ. ಪೂರ್ವರಂಗಕ್ಕೆ ಹಾಡುವ ಎಳೆಯನನ್ನು ಸಂಗೀತಗಾರ ಅನ್ನುತ್ತಿದ್ದರು. ಮುಖ್ಯ ಭಾಗವತರು ಬರುವುದು ರಾತ್ರಿ ಹೊತ್ತಾದ ಮೇಲೆ.

ಈ ಕ್ರಮದ ದೊಡ್ಡ ಉಪಕಾರ ಏನು ಗೊತ್ತಾ? ಕೋಡಂಗಿ ಕುಣಿಯುವಾಗ ಎದುರಿಗೆ ಜನ ಕಡಿಮೆ. ಅಡುಗೆ ಮುಗಿಸಿ, ಚಾಪೆ ಹಿಡಿದುಕೊಂಡು ಜನ ಇನ್ನೂ ಬರುತ್ತಿರುತ್ತಾರೆ. ಹೆಜ್ಜೆ ತಪ್ಪಿದರೂ ಯಾರೂ ನಗುವುದಿಲ್ಲ. ಆದರೆ ರಂಗಸ್ಥಳ ಅದೇ, ಮದ್ದಲೆ ಅದೇ, ದೀಪ ಅದೇ. ನಿಜವಾದ ರಂಗದ ಮೇಲೆ, ಭಯವಿಲ್ಲದೆ, ತಿರುಗಾಟದ ಆರು ತಿಂಗಳು ದಿನಾ ಕುಣಿಯುವ ಅವಕಾಶ! ಮೇಲಾಗಿ ತನ್ನ ಪಾಳಿ ಮುಗಿದ ಮೇಲೆ ಹುಡುಗ ಇಡೀ ರಾತ್ರಿ ಹಿರಿಯರ ವೇಷ ನೋಡಬಹುದು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಹಾಕುವುದು, ಮುಂಡಾಸು ಕಟ್ಟುವುದು ಕಲಿಯಬಹುದು. ಇಷ್ಟು ಒಳ್ಳೆಯ ತರಬೇತಿ ಯಾವ ದೊಡ್ಡ ನಾಟಕ ಶಾಲೆಯಲ್ಲಿ ಸಿಗುತ್ತದೆ, ಹೇಳಿ.

ಇದನ್ನು ನನ್ನ ತಲೆಗೆ ಹಾಕಿದವರು ಮಾಷ್ಟ್ರೇ. ಹಾಕಿದ ರೀತಿ ಮಾತ್ರ ಕೇಂದ್ರದ ಹಳಬರೆಲ್ಲರಿಗೂ ಗೊತ್ತಿರುವ ಕತೆ.

ಪಕ್ಕದೂರಿನ ಗದ್ದೆಯಲ್ಲಿ ಒಂದು ದೊಡ್ಡ ಮೇಳದ ಆಟ ಇತ್ತು. ಆ ಮೇಳದ ಎರಡನೇ ವೇಷಧಾರಿಯ ಹೆಸರು ಕೇಳಿದರೇ ನಮಗೆ ರೋಮಾಂಚನ. ಆದರೆ ರಾತ್ರಿ ಹೊರಗೆ ಹೋಗಲು ಕೇಂದ್ರದಲ್ಲಿ ಅಪ್ಪಣೆ ಇರಲಿಲ್ಲ. ನಾವು ಊಟ ಮುಗಿಸಿ, ಮಲಗಿದ ಹಾಗೆ ಮಾಡಿ, ಚಾಪೆಯ ಮೇಲೆ ದಿಂಬು ಇಟ್ಟು ಹೊದಿಕೆ ಹೊದಿಸಿ ಹಿಂದಿನ ಬಾಗಿಲಿನಿಂದ ಹೊರಟೆವು. ಗದ್ದೆ ಅಂಚಿನಲ್ಲಿ ಟಾರ್ಚ್ ಕೂಡ ಹಾಕದೆ ಓಡಿದ್ದು. ಚೆಂಡೆಯ ಸದ್ದು ಹತ್ತಿರವಾದಂತೆ ನನಗೆ ತಡೆಯಲು ಆಗಲಿಲ್ಲ. ಉಳಿದವರು ಚರುಮುರಿ, ಗೋಳಿಬಜೆ ಅಂತ ಅಂಗಡಿ ಸಾಲಿನಲ್ಲಿ ನಿಂತರು. ನಾನು ನೇರ ರಂಗಸ್ಥಳದ ಎದುರಿಗೆ ಹೋಗಿ ಕೂತೆ. ಕೋಡಂಗಿಗಳು ಕುಣಿಯುತ್ತಿದ್ದರು.

ನಡುರಾತ್ರಿಯ ಹೊತ್ತಿಗೆ ಎಲ್ಲರೂ ಸೇರಿ ಚೌಕಿ ನೋಡಲು ಹೋದೆವು. ಬಣ್ಣ ಹಾಕುವುದನ್ನು ಹತ್ತಿರದಿಂದ ನೋಡುವ ಆಸೆ. ಒಳಗೆ ಇಣುಕಿದರೆ, ದೀಪದ ಪಕ್ಕದಲ್ಲಿ ನಮ್ಮ ಮಾಷ್ಟ್ರು! ಹಳೆಯ ಒಡನಾಡಿಯ ವೇಷ ನೋಡಲು ಬಂದವರು, ಒಬ್ಬ ಹುಡುಗನಿಗೆ ಮುಂಡಾಸು ಕಟ್ಟಿಕೊಡುತ್ತ ಕೂತಿದ್ದರು. ಬಾಯಲ್ಲಿ ದಾರ ಕಚ್ಚಿಕೊಂಡೇ ನಮ್ಮನ್ನು ನೋಡಿದರು. ಗಂಟು ಬಿಗಿದು, ದಾರ ತೆಗೆದು ನಿಧಾನವಾಗಿ, 'ಆಟ ಕಾಂಬುಕೆ ಬಂದದ್ದಾ ಮಕ್ಳೇ? ಕೂಕಣಿ' ಎಂದರು. ಅಷ್ಟೇ. ಬೆಳಗಿನವರೆಗೆ ನಾವು ಅವರ ಹಿಂದೆ ಸಾಲಾಗಿ ಕೂತೆವು. ನಿದ್ದೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಮರುದಿನ ತರಗತಿಯಲ್ಲಿ ಬೈಗುಳ ಕಾದಿದೆ ಅಂದುಕೊಂಡಿದ್ದೆವು. ಮಾಷ್ಟ್ರು ಬಂದು ಕೂತು ಕೇಳಿದ್ದು ಒಂದೇ ಪ್ರಶ್ನೆ. 'ನಿನ್ನೆ ಕೋಡಂಗಿ ಎಂತ ಕುಣ್ದ? ಕುಣ್ದ್ ತೋರ್ಸಿ, ಕಾಂಬ.' ಎಲ್ಲರಿಗೂ ಎರಡನೇ ವೇಷದ ಪ್ರವೇಶ ನೆನಪಿತ್ತು. ಆ ಮಂಡಿ, ಆ ಸುತ್ತು, ಆ ಮಾತು. ಕೋಡಂಗಿ ಕುಣಿದದ್ದನ್ನು ಕಂಡವನು ನಾನೊಬ್ಬನೇ. ಎದ್ದು ನಿಂತು ಮೊದಲಿನಿಂದ ಕೊನೆಯವರೆಗೆ ಕುಣಿದು ತೋರಿಸಿದೆ. ಮದ್ದಲೆ ಮಾಷ್ಟ್ರು ಜಗಲಿಯಿಂದಲೇ ಸಾಥ್ ಕೊಟ್ಟರು. ಮುಗಿದ ಮೇಲೆ ನಮ್ಮ ಮಾಷ್ಟ್ರು ಬೇರೆಯವರ ಕಡೆ ತಿರುಗಿ, 'ಇವ ಮೇಳದಲ್ಲಿ ಉಳಿತ' ಎಂದರು. ಅದಾದ ಮೇಲೆ ನನಗೆ ಸನ್ಮಾನ ಆಗಿದೆ, ಶಾಲು ಹೊದಿಸಿದ್ದಾರೆ, ದೆಹಲಿಯಲ್ಲಿ ಕುಣಿದು ಚಪ್ಪಾಳೆ ಪಡೆದಿದ್ದೇನೆ. ಆ ಮೂರು ಪದಕ್ಕೆ ಸಮನಾದದ್ದು ಯಾವುದೂ ಸಿಗಲಿಲ್ಲ.

ಕೇಂದ್ರ ಅಂತ ಒಂದು ಏಕೆ ಬೇಕಾಯಿತು ಎಂಬುದೂ ಮುಖ್ಯ. ಹೂವಿನಕೋಲು ಕಡಿಮೆಯಾಯಿತು. ಮನೆಯಲ್ಲಿ ಕಲಿಸುವ ಹಿರಿಯರು ಕಡಿಮೆಯಾದರು. ಹುಡುಗರು ಶಾಲೆಗೆ ಹೋದರು. ಅದು ಒಳ್ಳೆಯದೇ. ಆದರೆ ಹೆಜ್ಜೆ ಎಲ್ಲಿ ಕಲಿಯುವುದು? ಉಡುಪಿಯಲ್ಲಿ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಅದರ ಹಿಂದೆ ಶಿವರಾಮ ಕಾರಂತರು, ಕು.ಶಿ. ಹರಿದಾಸ ಭಟ್ಟರು ಇದ್ದರು. ಕೆರೆಮನೆ ಶಂಭು ಹೆಗಡೆಯವರು ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದವರು. ಅವರು 1986ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಶ್ರೀಮಯ ತರಬೇತಿ ಕೇಂದ್ರ ಕಟ್ಟಿದರು. ಅಷ್ಟು ದೊಡ್ಡ ಕಲಾವಿದ ಮತ್ತೆ ವಿದ್ಯಾರ್ಥಿಯಾಗಿ ಹೋದದ್ದು, ಕಲಿತದ್ದನ್ನು ಊರಿಗೇ ತಂದದ್ದು, ಇವೆರಡೂ ನನಗೆ ದೊಡ್ಡ ಸಂಗತಿಗಳು. ನಮ್ಮ ಕೇಂದ್ರ ಅವುಗಳಷ್ಟು ದೊಡ್ಡದಲ್ಲ. ಆದರೆ ದಾರಿ ಅದೇ. ಇಲ್ಲಿ ಕಲಿ, ಮೇಳಕ್ಕೆ ಹೋಗು, ಅಲ್ಲಿ ಕೋಡಂಗಿಯಿಂದ ಶುರು ಮಾಡು. ಕೇಂದ್ರ ಹೆಜ್ಜೆ ಕೊಡುತ್ತದೆ, ಕಲಾವಿದನನ್ನಾಗಿ ಮಾಡುವುದು ಮೇಳ. ಮಾಷ್ಟ್ರು ನಮ್ಮನ್ನು ಕಳಿಸಿಕೊಡುವಾಗ ಪ್ರತಿ ವರ್ಷ ಹೇಳುತ್ತಿದ್ದದ್ದು ಇದನ್ನೇ.

ಈಗ ಆ ಎರಡನೇ ಭಾಗವೇ ಇಲ್ಲವಾಗುತ್ತಿದೆ. ಹೆಚ್ಚಿನ ಕಡೆ ಆಟ ಕಾಲಮಿತಿಗೆ ಬಂದಿದೆ. ಸಂಜೆ ಶುರುವಾಗಿ ಊಟದ ಹೊತ್ತಿಗೆ, ಹೆಚ್ಚೆಂದರೆ ನಡುರಾತ್ರಿಗೆ ಮುಗಿಯುತ್ತದೆ. ನಾನು ಇದನ್ನು ದೂರುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಎಂದು 2000ದ ನಿಯಮವೇ ಇದೆ. ಜನರಿಗೂ ಮರುದಿನ ಕೆಲಸಕ್ಕೆ ಹೋಗಬೇಕು. ಕಲಾವಿದರಿಗೂ ನಿದ್ದೆ ಬೇಕು, ನನ್ನ ವಯಸ್ಸಿನವರಿಗಂತೂ ಇನ್ನೂ ಜಾಸ್ತಿ. ಆದರೆ ಸಮಯ ಉಳಿಸಲು ಮೊದಲು ಕತ್ತರಿ ಬಿದ್ದದ್ದು ಎಲ್ಲಿಗೆ? ಪೂರ್ವರಂಗಕ್ಕೆ. ಕೋಡಂಗಿ ಹೋಯಿತು, ಬಾಲಗೋಪಾಲ ಎರಡು ನಿಮಿಷಕ್ಕೆ ಇಳಿಯಿತು, ಪೀಠಿಕೆಯ ಸ್ತ್ರೀವೇಷವನ್ನು ಕಂಡು ಎಷ್ಟು ಕಾಲವಾಯಿತೋ. ನೋಡುವವರಿಗೆ ಅದು ದೊಡ್ಡ ನಷ್ಟ ಅನ್ನಿಸದೇ ಇರಬಹುದು. ಕಲಿಯುವವರಿಗೆ ಕೆಳಗಿನ ಮೆಟ್ಟಿಲುಗಳೇ ಇಲ್ಲವಾದವು. ತರಬೇತಿ ಮುಗಿಸಿದ ಹುಡುಗ ನೇರವಾಗಿ ತುಂಬಿದ ಸಭೆಯ ಎದುರು ದೊಡ್ಡ ವೇಷ ಮಾಡಬೇಕು. ಮಾಡಿದರೆ ಗೆದ್ದ. ಸೋತರೆ ಮತ್ತೆ ಕರೆಯುವವರಿಲ್ಲ.

ಶಾಲೆಗಳಲ್ಲಿ ಯಕ್ಷಗಾನ ಕಲಿಸುವುದು ಈಗ ಹೆಚ್ಚಾಗಿದೆ. ನಾನೂ ಕಲಿಸುತ್ತೇನೆ. ಹೆಣ್ಣುಮಕ್ಕಳು ಎಷ್ಟು ಚೆನ್ನಾಗಿ ಕುಣಿಯುತ್ತಾರೆ ಅಂದರೆ, ನಮ್ಮ ಕಾಲದಲ್ಲಿ ಇವರನ್ನು ಹೊರಗಿಟ್ಟದ್ದು ಎಂಥ ನಷ್ಟ ಅನ್ನಿಸುತ್ತದೆ. ನನ್ನ ತಕರಾರು ಇರುವುದು ಅವಸರದ ಬಗ್ಗೆ. ಜೂನ್‌ನಲ್ಲಿ ಸೇರಿಸಿ ಡಿಸೆಂಬರ್‌ನ ವಾರ್ಷಿಕೋತ್ಸವಕ್ಕೆ 'ನಮ್ಮ ಮಗನಿಗೆ ಅಭಿಮನ್ಯುವೇ ಬೇಕು' ಎನ್ನುವ ಪಾಲಕರು ಬರುತ್ತಾರೆ. ತ್ರಿವುಡೆ ತಾಳ ನಿಲ್ಲದ ಮಗುವಿಗೆ ಅಭಿಮನ್ಯು! ವೇಷ ಬಾಡಿಗೆಗೆ ಬರುತ್ತದೆ, ಬಣ್ಣ ಬೇರೆಯವರು ಹಾಕುತ್ತಾರೆ, ಮಗು ಗೊಂಬೆಯ ಹಾಗೆ ಕೂತಿರುತ್ತದೆ. ಫೋಟೋ ಚೆಂದ ಬರುತ್ತದೆ. ಮರುವರ್ಷ ಆ ಮಗು ಕರಾಟೆ ತರಗತಿಯಲ್ಲಿರುತ್ತದೆ.

ಮುಂದೆ ಹೋಗಬೇಕು ಅನ್ನುವ ಮಕ್ಕಳಿಗೆ ದಾರಿಗಳೂ ಇವೆ, ಅದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಕೇಂದ್ರ ಸರ್ಕಾರದ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಗುರುವಿನ ಬಳಿ ಕನಿಷ್ಠ 5 ವರ್ಷ ಕಲಿತಿರಬೇಕು ಎಂಬ ನಿಯಮ ಅದಕ್ಕಿದೆ. ಆ ನಿಯಮ ಮಾಡಿದವರಿಗೆ ಕಲೆ ಗೊತ್ತು. 10ರಿಂದ 14 ವರ್ಷದ ಮಕ್ಕಳಿಗೆ ಅದೇ ಸಚಿವಾಲಯದ ಸಂಸ್ಥೆ ಸಿ.ಸಿ.ಆರ್.ಟಿ.ಯ ವಿದ್ಯಾರ್ಥಿವೇತನ ಇದೆ. 40ರ ಒಳಗಿನವರಿಗೆ ಸಂಗೀತ ನಾಟಕ ಅಕಾಡೆಮಿಯ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ಇದೆ. ನಮ್ಮ ಊರಿನ ಹುಡುಗರು ಅರ್ಜಿ ಹಾಕುವುದೇ ಇಲ್ಲ. ಅರ್ಜಿ ತುಂಬಿಸಿಕೊಡುವ ಒಬ್ಬರು ಕೇಂದ್ರದಲ್ಲಿ ಇರಬೇಕು. ಮೇಳ ಮುಗಿದ ಮೇಲಿನ ಆರು ತಿಂಗಳು ಹುಡುಗರು ಏನು ಮಾಡಬೇಕು ಎಂಬುದನ್ನೂ ಕೇಂದ್ರ ಯೋಚಿಸಬೇಕು. ಮಳೆಗಾಲದಲ್ಲಿ ಮನೆಮನೆಗೆ ಹೋಗುವ ಚಿಕ್ಕಮೇಳ, ತಾಳಮದ್ದಳೆ, ಬೆಂಗಳೂರು ಮುಂಬೈಗಳಲ್ಲಿ ಕನ್ನಡಿಗರು ಆಡಿಸುವ ಆಟಗಳು, ನಾಟಕದ ಶಿಬಿರಗಳು, ಇವೆಲ್ಲ ಕಲಿಕೆಯೂ ಹೌದು, ಸಂಪಾದನೆಯೂ ಹೌದು. ಮಳೆಗಾಲದಲ್ಲಿ ಕೈ ಖಾಲಿಯಾದ ಕಾರಣಕ್ಕೇ ಒಳ್ಳೊಳ್ಳೆಯ ಹುಡುಗರು ಗೆಜ್ಜೆ ಬಿಟ್ಟು ಹೋದದ್ದನ್ನು ನಾನು ಕಂಡಿದ್ದೇನೆ.

ಮಾಷ್ಟ್ರ ಹೆಸರಿನಲ್ಲಿ ಸಭಾಂಗಣ ಕಟ್ಟಬೇಕು ಎಂಬ ಮಾತು ಅಂದು ಚಪ್ಪರದಲ್ಲಿ ಬಂತು. ಕಟ್ಟಲಿ, ನಾನೂ ಕೈಲಾದಷ್ಟು ಕೊಡುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ ಆಗಬೇಕು. ಕೇಂದ್ರದ ಆಟ ಎಲ್ಲೇ ನಡೆಯಲಿ, ಒಂದು ಗಂಟೆ ಮೊದಲು ಶುರುವಾಗಲಿ. ಆ ಒಂದು ಗಂಟೆ ಪೂರ್ತಿ ಹೊಸ ಮಕ್ಕಳದ್ದು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಸಂಗೀತಗಾರ, ಎಲ್ಲರೂ ಕಲಿಯುವವರೇ ಇರಲಿ. ಕುರ್ಚಿಗಳು ಖಾಲಿ ಇದ್ದರೂ ಪರವಾಗಿಲ್ಲ. ಈ ವರ್ಷದ ವಾರ್ಷಿಕೋತ್ಸವದಿಂದಲೇ ಮಾಡುವುದಾದರೆ, ಮಕ್ಕಳಿಗೆ ಪೂರ್ವರಂಗದ ಹೆಜ್ಜೆ ಹೇಳಿಕೊಡಲು ನಾನು ಮಳೆಗಾಲದಲ್ಲೇ ಬಂದು ಕೇಂದ್ರದಲ್ಲಿ ಉಳಿಯುತ್ತೇನೆ. ಸಂಭಾವನೆ ಬೇಡ. ಬೆಳಗಿನ ಜಾವ ಕೂತು ಬಾಯಿತಾಳ ಹೇಳಿಕೊಡಲು ಒಬ್ಬ ಮದ್ದಲೆಗಾರರನ್ನು ಮಾತ್ರ ಕೇಂದ್ರದವರು ಗೊತ್ತು ಮಾಡಿಡಲಿ.