‘ಸರ, ಇದರಾಗ ಏನೈತ್ರಿ?’

ನಾನು ಧಾರವಾಡದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತೇನೆ. ಕ್ಲಾಸಿನ ಗೋಡೆ ಮೇಲೆ ಚಿತ್ರಕಲಾವಿದ ಎಸ್.ಎಚ್. ರಜಾ ಅವರ ಬಿಂದು ಚಿತ್ರದ ಪ್ರಿಂಟ್ ಒಂದಿದೆ. ನಡುವೆ ದೊಡ್ಡ ಕಪ್ಪು ವೃತ್ತ, ಸುತ್ತ ಒಂದಿಷ್ಟು ಬಣ್ಣ, ಗೆರೆ. ಮಕ್ಕಳನ್ನು ಬಿಡಲು ಬಂದ ಪಾಲಕರು ಅದನ್ನು ನೋಡಿ ಕೇಳುವುದು ಒಂದೇ: ‘ಸರ, ಇದರಾಗ ಏನೈತ್ರಿ? ಇಂಥಾದ್ದಕ್ಕ ಕೋಟಿಗಟ್ಟಲೆ ರೊಕ್ಕ ಯಾಕ ಕೊಡ್ತಾರ?’

ರೊಕ್ಕದ ಮಾತು ಮೊದಲು ಮುಗಿಸಿಬಿಡೋಣ. ರಜಾ 1983ರಲ್ಲಿ ಬರೆದ ‘ಸೌರಾಷ್ಟ್ರ’ ಚಿತ್ರ 2010ರ ಲಂಡನ್ ಹರಾಜಿನಲ್ಲಿ 16 ಕೋಟಿ ರೂಪಾಯಿಗೂ ಜಾಸ್ತಿಗೆ ಹೋಯಿತು. ಅದು ಕೊಳ್ಳುವವರ ನಡುವಿನ ಪೈಪೋಟಿ. ಚಿತ್ರದ ಬಗ್ಗೆ ಅದರಿಂದ ಗೊತ್ತಾಗೋದು ಕಡಿಮೆ.

ಇನ್ನು ‘ಏನೈತಿ’ ಅನ್ನೋದು. ಒಂದೇ ಚಿತ್ರ ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಹೇಳಲು ನನಗೆ ಬರಲ್ಲ. ಧಾರವಾಡದಲ್ಲಿ ಇಂಥ ಮಾತು ಬಂದರೆ ಯಾರಾದರೊಬ್ಬರು ‘ಆಲಾಪಕ್ಕ ಅರ್ಥ ಕೇಳ್ತೀರೇನು?’ ಅನ್ನುತ್ತಾರೆ. ಅದು ಅರ್ಧ ಸರಿ. ನಮ್ಮ ಜನ ಅದೇ ಭೀಮಪಲಾಸ, ಅದೇ ಯಮನ್ ರಾಗ ಎಷ್ಟು ಸಲ ಕೇಳಿರುತ್ತಾರೆ! ಕಿವಿ ತಾನಾಗಿ ಹದಗೊಂಡಿರುತ್ತದೆ. ಚಿತ್ರ ಮಾತ್ರ ಒಂದೇ ನೋಡುತ್ತೇವೆ, ಅದೂ ಮೊಬೈಲಿನಲ್ಲಿ. ಅಷ್ಟಕ್ಕೇ ಅರ್ಥ ಆಗಬೇಕು ಅಂದರೆ ಹೇಗೆ?

ಅದಕ್ಕೇ ನಾನು ರೆಟ್ರೋಸ್ಪೆಕ್ಟಿವ್ ನೋಡಿ ಅನ್ನುತ್ತೇನೆ. ಅಂದರೆ ಒಬ್ಬ ಕಲಾವಿದ ಮೊದಲಿಂದ ಕೊನೆಯವರೆಗೆ ಮಾಡಿದ ಕೆಲಸವನ್ನು ಒಂದೇ ಕಡೆ ಇಟ್ಟು ತೋರಿಸುವ ಪ್ರದರ್ಶನ. 2023ರಲ್ಲಿ ಪ್ಯಾರಿಸ್ಸಿನ ಪಾಂಪಿದು ಸೆಂಟರ್‌ನಲ್ಲಿ ರಜಾ ಅವರದು ನಡೆಯಿತು. ನಾನು ಅಲ್ಲಿಗೆ ಹೋದವನಲ್ಲ. ಆದರೆ ಪುಸ್ತಕದಲ್ಲಾದರೂ ಆ ಚಿತ್ರಗಳನ್ನು ವರ್ಷದ ಪ್ರಕಾರ ನೋಡುತ್ತಾ ಬನ್ನಿ, ಮಜಾ ಇದೆ.

ಮೊದಲು ಸಿಗುವುದು 1940ರ ದಶಕದ ಮುಂಬೈ ಬೀದಿಗಳು, ಜಲವರ್ಣದಲ್ಲಿ. ಇವು ನಮಗೆ ಹೊಸದೇ ಅನ್ನಿಸಲ್ಲ. ರಜಾ ಓದಿದ್ದು ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ. ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ಡಿ.ವಿ. ಹಾಲಭಾವಿಯವರೂ ಅಲ್ಲೇ ಕಲಿತವರು. 1956ರವರೆಗೆ ನಾವು ಮುಂಬೈಗೇ ಸೇರಿದ್ದೆವಲ್ಲ, ಚಿತ್ರ ಕಲಿಯೋಕೆ ಈ ಕಡೆಯ ಹುಡುಗರು ಅಲ್ಲಿಗೇ ಹೋಗುತ್ತಿದ್ದರು. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಅಲ್ಲಿನ ಮೊದಲ ಪಾಠ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ನಮ್ಮ ಮಕ್ಕಳು ಇವತ್ತಿಗೂ ಬರೆಯುವ ಕೊಡ, ಬದನೆಕಾಯಿಯ ಹಿಂದೆ ಇರುವುದೂ ಅದೇ ಪಾಠ. ಕಪ್ಪು ವೃತ್ತದ ರಜಾ ಹೊರಟದ್ದು ನಾವೆಲ್ಲ ನಿಂತಿರುವ ಜಾಗದಿಂದಲೇ.

1948ರಲ್ಲಿ ಕಾಶ್ಮೀರದಲ್ಲಿ ರಜಾ ಅವರಿಗೆ ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸ್ಸೋನ್ ಸಿಗುತ್ತಾರೆ. ಚಿತ್ರ ಚೆನ್ನಾಗಿದೆ, ಆದರೆ ಆಕಾರಗಳನ್ನು ಜೋಡಿಸಿ ಕಟ್ಟಿದ್ದು ಸಾಲದು, ಫ್ರಾನ್ಸಿನ ಚಿತ್ರಕಾರ ಸೆಜಾನ್ ಅವರ ಕೆಲಸ ನೋಡು ಅನ್ನುತ್ತಾರೆ. 1950ರಲ್ಲಿ ರಜಾ ಪ್ಯಾರಿಸ್ಸಿಗೆ ಹೋದರು. ಅಲ್ಲಿಂದ ಮುಂದಿನ ಚಿತ್ರಗಳಲ್ಲಿ ಮನೆ, ಚರ್ಚು, ಬೆಟ್ಟದ ಹಳ್ಳಿ ಒತ್ತೊತ್ತಾಗಿ, ಬಿಗಿಯಾಗಿ ನಿಲ್ಲುತ್ತವೆ. 1960ರ ದಶಕ ಬರುವ ಹೊತ್ತಿಗೆ ಮನೆಗಳ ಅಂಚು ಕರಗತೊಡಗುತ್ತದೆ. ಬಾಗಿಲು ಹೋಯಿತು, ಮಾಡು ಹೋಯಿತು. ಉರಿಯುವ ಕೆಂಪು, ಕಾಡಿನ ಕಪ್ಪು ಉಳಿಯಿತು. ಅವರು ಮಧ್ಯಪ್ರದೇಶದ ಮಂಡ್ಲಾ ಕಡೆ, ಕಾಡಿನ ಮಗ್ಗುಲಲ್ಲೇ ಬೆಳೆದವರು. ಆಮೇಲೆ, 1980ರ ಸುಮಾರಿಗೆ, ಬಿಂದು ಪಟ್ಟಾಗಿ ಕೂತುಬಿಟ್ಟಿತು.

ಚಿಕ್ಕಂದಿನಲ್ಲಿ ಮಾಸ್ತರು ಗೋಡೆ ಮೇಲೆ ಚುಕ್ಕಿ ಇಟ್ಟು ‘ಇದನ್ನೇ ನೋಡು’ ಅಂದಿದ್ದರು ಎಂದು ರಜಾ ಹೇಳುತ್ತಿದ್ದರು. ಆ ಕಥೆ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ವಯಸ್ಸು. ಹುಟ್ಟಿದ್ದು 1922. ಚುಕ್ಕಿ ಚಿತ್ರದ ನಡುವೆ ಬಂದು ನಿಲ್ಲುವ ಹೊತ್ತಿಗೆ ಅವರಿಗೆ ಅರವತ್ತರ ಹತ್ತಿರ. ಅಷ್ಟು ವರ್ಷ ಒಂದೊಂದಾಗಿ ಏನೇನು ಬಿಟ್ಟರು ಅನ್ನೋದು ಸಾಲಾಗಿ ನೋಡಿದಾಗಲೇ ಕಾಣೋದು. ‘ಏನೈತಿ’ ಅಂತ ಕೇಳಿದವರಿಗೆ ನಾನು ‘ಏನೇನು ಬಿಟ್ಟಾರ, ಅದನ್ನ ನೋಡ್ರಿ’ ಅನ್ನುತ್ತೇನೆ.

ಇಂಥ ಪ್ರದರ್ಶನ ಕಲಾವಿದನ ಮಾನ ಉಳಿಸುತ್ತದೆ ಅಂತೇನಿಲ್ಲ, ಕಳೆಯಲೂಬಹುದು. ಕೊನೆಯ ವರ್ಷಗಳ ರಜಾ ನನಗೆ ಅಷ್ಟು ಹಿಡಿಸಲ್ಲ. ಅದೇ ವೃತ್ತ, ಅದೇ ತ್ರಿಕೋನ. ಕೈಗೆ ರೂಢಿಯಾದದ್ದನ್ನು ಸುಮ್ನೆ ಮತ್ತೆ ಮತ್ತೆ ಮಾಡಿದ ಹಾಗಿದೆ. ಇನ್ನೊಬ್ಬ ಚಿತ್ರಕಾರ ವಿ.ಎಸ್. ಗಾಯತೊಂಡೆಯವರಲ್ಲಿ ಈ ತೊಂದರೆ ಇಲ್ಲ. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ, ರೋಲರ್ ಮತ್ತು ಪ್ಯಾಲೆಟ್ ನೈಫಿನಿಂದ ಪದರ ಪದರವಾಗಿ ಬಣ್ಣ. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ರೆಟ್ರೋಸ್ಪೆಕ್ಟಿವ್ ಮಾಡಿತು. ಅವರೂ ಜೆ.ಜೆ. ವಿದ್ಯಾರ್ಥಿಯೇ ನೋಡಿ.

ನಮ್ಮೂರಲ್ಲಿ ಇಷ್ಟು ದೊಡ್ಡ ಪ್ರದರ್ಶನ ಬರೋದು ಕಷ್ಟ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಯಾರದಾದರೂ ಇಡೀ ಜೀವನದ ಕೆಲಸ ಅಲ್ಲಿ ಬಂದಾಗ ಹೋಗಿ. ಮೊದಲು ಸರಸರ ಕೊನೆಯವರೆಗೆ ನಡೆದುಬಿಡಿ. ಆಮೇಲೆ ಹಿಂದಕ್ಕೆ ಬರುತ್ತಾ ಒಂದೊಂದೇ ಚಿತ್ರದ ಪಕ್ಕದ ಚೀಟಿಯಲ್ಲಿ ವರ್ಷ ಓದಿ. ಸೋಮವಾರ ಮಾತ್ರ ಹೋಗಬೇಡಿ, ರಜೆ.