ಚಪ್ಪಲಿ ಕೆಳಗೆ ಬಿಟ್ಟು ಬೆಟ್ಟ ಹತ್ತಿದ್ದು

ಡಿಸೆಂಬರ್ 14, 2025, ಭಾನುವಾರ, ರಾತ್ರಿ

ಇವತ್ತು ಶ್ರವಣಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿ ಹತ್ತಿ ಬಂದೆವು. ಅಂಗಾಲು ಇನ್ನೂ ಜುಮ್ ಅನ್ನುತ್ತಿದೆ. ಬರಿಗಾಲ ನಡಿಗೆ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ, ಆಗಿರಲಿಲ್ಲ. ಬೆಳಿಗ್ಗೆ ಭಾವ ಎಬ್ಬಿಸಿದ ಗಲಾಟೆಯಿಂದ ಅದಕ್ಕೂ ಮುಹೂರ್ತ ಕೂಡಿ ಬಂತು.

ಹೋಗದವರಿಗೆ ಹೇಳುತ್ತೇನೆ: ಈ ಬೆಟ್ಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಬುಡದಲ್ಲೇ ಬಿಡಬೇಕು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಂಡೆಯಲ್ಲೇ ಕಡೆದದ್ದು. ಸಾವಿರ ವರ್ಷದಿಂದ ಜನ ತುಳಿದೂ ತುಳಿದೂ ಕೆಲವು ಮೆಟ್ಟಿಲು ನುಣ್ಣಗಾಗಿವೆ, ಕೆಲವು ಇನ್ನೂ ತರಿತರಿಯಾಗಿವೆ. ಬಿಸಿಲು, ಕಲ್ಲು ಆಗದವರಿಗೆ ಕೆಳಗೆ ಸಾಕ್ಸ್ ಮಾರುತ್ತಾರೆ. ಹತ್ತಲಾಗದವರಿಗೆ ಡೋಲಿ ಇದೆ.

ಭಾವನಿಗೆ ಸುಮಾರು ವರ್ಷದಿಂದ ಶುಗರ್. ಹೋದ ತಿಂಗಳು ಚಪ್ಪಲಿಯೊಳಗೆ ಸಣ್ಣ ಮೊಳೆ ಎದ್ದು ಕಾಲಿಗೆ ಚುಚ್ಚಿದ್ದು ಇವರಿಗೆ ಗೊತ್ತೇ ಆಗಿಲ್ಲ. ಸಂಜೆ ನೆಲದ ಮೇಲೆ ರಕ್ತದ ಗುರುತು ನೋಡಿ ಅಕ್ಕ ಹುಡುಕಿದ್ದು. ಅಂಥವರು ಇವತ್ತು ಕಾರಿನಿಂದ ಇಳಿದವರೇ ಚಪ್ಪಲಿ ಕಳಚಿ, ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತೆ, ವಾಟ್ಸಾಪ್‌ನಲ್ಲಿ ಬಂದಿದೆ ಅಂತ ಶುರು ಮಾಡಿದರು.

"ಬೇಡ ಭಾವ, ನಿಮಗೆ ಬೇಡ" ಅಂದೆ.

"ಹೋಗಮ್ಮ ನೀನು. ನಮ್ಮಪ್ಪ ಸಾಯೋವರೆಗೂ ಮೆಟ್ಟು ಮೆಟ್ಟಿದವರಲ್ಲ. ಬರಿಗಾಲಲ್ಲೇ ಗದ್ದೆ ಉತ್ತರು."

"ಅವರಿಗೆ ಶುಗರ್ ಇತ್ತಾ?"

"ಅವರ ಕಾಲದಲ್ಲಿ ಯಾರಮ್ಮ ಟೆಸ್ಟ್ ಮಾಡಿಸ್ತಿದ್ರು?"

ಸಾಕ್ಸ್ ಹಾಕಿಕೊಂಡು ಹೋಗಲಿ ಅಂತ ಅಕ್ಕನ ಮಗ ಅಂದ. ಅದೂ ಸರಿಯಲ್ಲ. ಸಾಕ್ಸ್ ಬಿಸಿ ತಡೆಯುತ್ತದೆ, ಚೂಪು ಕಲ್ಲನ್ನು ತಡೆಯುವುದಿಲ್ಲ, ಮೇಲಾಗಿ ನುಣ್ಣನೆ ಬಂಡೆ ಮೇಲೆ ಜಾರುತ್ತದೆ. ಡೋಲಿ ಮಾಡೋಣವಾ ಅಂದರೆ, "ನಾಲ್ಕು ಜನ ಹೊತ್ಕೊಂಡು ಹೋಗೋ ಕಾಲ ಇನ್ನೂ ಬಂದಿಲ್ಲ" ಅಂದರು! ಕೊನೆಗೆ ಕಲ್ಯಾಣಿ ಹತ್ತಿರ ನೆರಳಲ್ಲಿ ಪೇಪರ್ ಹಿಡಿದುಕೊಂಡು ಮುಖ ಊದಿಸಿಕೊಂಡು ಕೂತರು, ಚಪ್ಪಲಿ ಸಮೇತ.

ಇದನ್ನು ಇಷ್ಟುದ್ದ ಬರೆಯಲು ಕಾರಣ ಇದೆ. ಸಕ್ಕರೆ ಕಾಯಿಲೆ ಹಳೆಯದಾದಾಗ ತುಂಬಾ ಜನಕ್ಕೆ ಪಾದದ ನರಗಳು ಮಂಕಾಗುತ್ತವೆ. ಗಾಜು ಚುಚ್ಚಿದರೂ, ಬಿಸಿ ಕಲ್ಲು ಸುಟ್ಟರೂ ತಿಳಿಯುವುದಿಲ್ಲ. ರಕ್ತ ಓಡಾಟವೂ ಕಡಿಮೆಯಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವು, ಆಮೇಲೆ ಕೊಳೆತ, ಕೊನೆಗೆ ಬೆರಳು ತೆಗೆಯುವ ಮಾತು. ಅದಕ್ಕೇ ಡಾಕ್ಟರುಗಳು ಇಂಥವರಿಗೆ ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿ ಅನ್ನುವುದು. ನಡಿಗೆಯಿಂದ ಸಕ್ಕರೆ ಹತೋಟಿಗೆ ಬರುವುದು ನಿಜ, ಆದರೆ ಆ ಕೆಲಸ ಮಾಡುವುದು ನಡಿಗೆ, ಬರಿಗಾಲಲ್ಲ. ಶೂ ಹಾಕಿ ನಡೆದರೂ ಅಷ್ಟೇ ಲಾಭ.

ಸರಿ, ಬೆಟ್ಟಕ್ಕೆ ಬರೋಣ. ಏಳೂವರೆಗೆ ಹತ್ತಲು ಶುರು ಮಾಡಿದಾಗ ಕಲ್ಲು ಐಸ್ ಆಗಿತ್ತು. ಮೊದಲ ಐವತ್ತು ಮೆಟ್ಟಿಲು ಎಲ್ಲರೂ ಕಾಲು ಎತ್ತೆತ್ತಿ ಇಡುತ್ತಾರೆ, ನೋಡಲು ತಮಾಷೆ. ನಂತರ ಏನೋ ಬದಲಾಗುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ. ಧಪ್ ಅಂತ ಹಾಕುವ ಕಾಲು ಮೆಲ್ಲಗೆ ಊರುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಹಾಗೆ ಮಾಡದಿದ್ದರೆ ನೋಯುತ್ತದೆ, ಅಷ್ಟೇ. ಮೆತ್ತನೆ ಶೂ ಹಾಕಿದಾಗ ಈ ಬೈಗುಳ ಕಾಲಿಗೆ ಕೇಳಿಸುವುದಿಲ್ಲ, ಹಾಗಾಗಿ ಹೇಗೆ ಬೇಕಾದರೂ ಬಡಿಯುತ್ತೇವೆ. ಬರಿಗಾಲ ನಡಿಗೆಯ ಮುಖ್ಯ ಲಾಭ ಇದೇ ಅಂತ ನನ್ನ ನಂಬಿಕೆ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುವಂಥದ್ದು.

ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಇಷ್ಟೊಂದು ತುಣುಕು ಇರುವುದು ನೆಲ ಹೇಗಿದೆಯೋ ಹಾಗೆ ಬಾಗಿಕೊಳ್ಳಲಿ ಅಂತ. ದಿನವಿಡೀ ಗಟ್ಟಿ ಶೂ ಒಳಗಿಟ್ಟರೆ ಪಾದದೊಳಗಿನ ಸಣ್ಣ ಸ್ನಾಯುಗಳಿಗೆ ಕೆಲಸ ಇಲ್ಲ, ಸೋಮಾರಿಯಾಗುತ್ತವೆ. ಹೊಲ, ತೋಟ, ಬಂಡೆ ಅಂತ ನಡೆದರೆ ಅವಕ್ಕೆ ಮತ್ತೆ ಡ್ಯೂಟಿ. ಇದರಲ್ಲಿ ಮಂತ್ರ ಏನೂ ಇಲ್ಲ.

ಕಾಲು ಒರಟಾದರೆ ಸ್ಪರ್ಶ ಸತ್ತುಹೋಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು ಕೀನ್ಯಾದಲ್ಲಿ ಬರಿಗಾಲಲ್ಲಿ ಓಡಾಡುವವರನ್ನೂ ಶೂ ಹಾಕುವವರನ್ನೂ ಹೋಲಿಸಿ 2019ರಲ್ಲಿ ವರದಿ ಮಾಡಿದ್ದರು. ಅಂಗಾಲಿನ ಚರ್ಮ ಜಡ್ಡುಗಟ್ಟಿ ದಪ್ಪವಾಗಿದ್ದರೂ ನೆಲದ ಅರಿವು ಕಡಿಮೆಯಾಗಿರಲಿಲ್ಲ. ಚರ್ಮ ದಪ್ಪವಾಗಿದೆ, ಆದರೆ ಗಟ್ಟಿ, ಹಾಗಾಗಿ ಸುದ್ದಿ ಒಳಗೆ ಮುಟ್ಟುತ್ತದೆ. ಮೆತ್ತನೆ ಅಟ್ಟೆಯಲ್ಲಿ ಅದು ಅರ್ಧದಾರಿಯಲ್ಲೇ ಮುಳುಗಿಹೋಗುತ್ತದೆ.

ನಡುವೆ ಒದೆಗಲ್ ಬಸದಿ ಹತ್ತಿರ ಕೂತೆವು. ಕೆಳಗೆ ಕಲ್ಯಾಣಿ, ಎದುರಿಗೆ ಚಂದ್ರಗಿರಿ, ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಲ್ಲಿ ಒಬ್ಬರು ದಿಗಂಬರ ಮುನಿಗಳು ಇಳಿದು ಬರುತ್ತಿದ್ದರು. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು. ಇವರು ವಾಹನ ಹತ್ತುವುದಿಲ್ಲ, ಊರಿಂದೂರಿಗೆ, ರಾಜ್ಯದಿಂದ ರಾಜ್ಯಕ್ಕೆ ಬರಿಗಾಲಲ್ಲೇ ವಿಹಾರ, ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೇ ಕಡೆ. ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡು ಹೆಜ್ಜೆ ಇಡಬೇಕು ಅಂತ ನಿಯಮ, ಕಾಲಡಿ ಜೀವ ಸಾಯಬಾರದು ಅಂತ. ಅವರಿಗದು ಅಹಿಂಸೆ, ಆರೋಗ್ಯದ ಲೆಕ್ಕ ಅಲ್ಲ. ಆದರೆ ಸುಮ್ಮನೆ ನೋಡುತ್ತಾ ಕೂತಾಗ ಅನ್ನಿಸಿತು, ನಾವೂ ಅಷ್ಟು ಹೊತ್ತು ನೆಲ ನೋಡಿಕೊಂಡೇ ಬಂದಿದ್ದೆವು. ಇರುವೆ ಸಾಲು, ಬಂಡೆ ಸೀಳಿನ ಹುಲ್ಲು ಎಲ್ಲಾ ಕಂಡಿತ್ತು. ಮೊಬೈಲ್ ಯಾರೂ ತೆಗೆದಿರಲಿಲ್ಲ.

ಮೇಲೆ ಗೊಮ್ಮಟನ ಮುಂದೆ ಎಂದಿನ ಹಾಗೆ ಮಾತು ನಿಂತಿತು. 58 ಅಡಿ. ಅದರ ಬಗ್ಗೆ ಬರೆಯಲು ಹೋಗುವುದಿಲ್ಲ.

ಇಳಿಯುವುದೇ ಕಷ್ಟ. ಹತ್ತುವಾಗ ಎದೆಗೆ ಕೆಲಸ, ಇಳಿಯುವಾಗ ಮಂಡಿಗೆ, ಮೀನಖಂಡಕ್ಕೆ. ನಮ್ಮ ಆಫೀಸಿನಲ್ಲಿ ಒಬ್ಬರು ಈಗ ಅಯ್ಯಪ್ಪ ಮಾಲೆ ಹಾಕಿದ್ದಾರೆ, 41 ದಿನ ಬರಿಗಾಲು. ಮೊದಲ ವಾರ ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲವಂತೆ, ಈಗ ಏನೂ ಇಲ್ಲ ಅನ್ನುತ್ತಾರೆ. ಶೂ ಹಿಮ್ಮಡಿ ಸ್ವಲ್ಪ ಎತ್ತರ ಇರುತ್ತದಲ್ವಾ, ಅದು ಹೋದ ತಕ್ಷಣ ಹಿಂದಿನ ಸ್ನಾಯು ಜಾಸ್ತಿ ಎಳೆಯಬೇಕು. ಹಾಗಾಗಿ ಹೊಸದಾಗಿ ಶುರು ಮಾಡುವವರು ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಅಂತ ಏರಿಸಿಕೊಂಡು ಹೋಗಿ. ಒಂದೇ ದಿನ ವೀರಾವೇಶ ಬೇಡ.

ನನ್ನ ಕಥೆ ಚಿಕ್ಕದು. ಹೋದ ವರ್ಷ ಹಿಮ್ಮಡಿ ನೋವು, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಪ್ರಾಣ ಹೋಗುತ್ತಿತ್ತು. ಫಿಸಿಯೋಥೆರಪಿ ಮಾಡಿದವರು ಮೊದಲು ಹೇಳಿದ್ದೇ ಟೈಲ್ಸ್ ಮೇಲೆ ಬರಿಗಾಲು ಬೇಡ ಅಂತ. ಮನೆಯಲ್ಲಿ ಮೆತ್ತನೆ ಚಪ್ಪಲಿ, ಗೋಡೆ ಹಿಡಿದು ಮೀನಖಂಡ ಎಳೆಯುವುದು, ಕಾಲ್ಬೆರಳಲ್ಲಿ ಟವೆಲ್ ಮುದುಡುವುದು. ನೋವು ಇಳಿದ ಮೇಲಷ್ಟೇ ಮೈದಾನದ ಹುಲ್ಲಿಗೆ ಬಂದೆ. ನೋವು ಇರುವಾಗಲೇ ಬರಿಗಾಲಲ್ಲಿ ನಡೆದು ವಾಸಿ ಮಾಡಿಕೊಳ್ಳುತ್ತೇನೆ ಅನ್ನುವವರನ್ನು ಕಂಡರೆ ಭಯ ಆಗುತ್ತದೆ.

ಈಗ ವಾಟ್ಸಾಪ್ ವಿಷಯ. ಇಬ್ಬನಿ ಹುಲ್ಲಿನ ಮೇಲೆ ನಡೆದರೆ ಕನ್ನಡಕದ ಪವರ್ ಇಳಿಯುತ್ತದಂತೆ. ಪವರ್ ಇರುವುದು ಕಣ್ಣುಗುಡ್ಡೆಯ ಉದ್ದ, ಆಕಾರದ ಮೇಲೆ, ಅದನ್ನು ಅಂಗಾಲು ಹೇಗೆ ಬದಲಿಸುತ್ತದೆ? ಭೂಮಿಯಿಂದ ಎಲೆಕ್ಟ್ರಾನ್ ಹರಿದು ಮೈಯ ಉರಿಯೂತ ಶಮನವಾಗುತ್ತೆ ಅನ್ನುವುದು ಇನ್ನೊಂದು. ಅದರ ಮೇಲೆ ನಡೆದ ಅಧ್ಯಯನಗಳು ತೀರಾ ಚಿಕ್ಕವು, ಕೆಲವನ್ನು ಬರೆದವರೇ ಅದರ ವ್ಯಾಪಾರದ ಜೊತೆ ನಂಟು ಇದ್ದವರು. ನಾನು ನಂಬುವುದಿಲ್ಲ. ಅದಕ್ಕಿಂತ ಪಾರ್ಕಿನ ಬೆಣಚುಕಲ್ಲಿನ ದಾರಿಗೆ ಸ್ವಲ್ಪ ಆಧಾರ ಇದೆ: ಅಮೆರಿಕದ ಒರೆಗಾನ್‌ನಲ್ಲಿ 60 ದಾಟಿದವರನ್ನು 16 ವಾರ ಉರುಟು ಕಲ್ಲಿನಂಥ ಚಾಪೆ ಮೇಲೆ ನಡೆಸಿದಾಗ, ಮಾಮೂಲಿ ನಡಿಗೆ ಮಾಡಿದವರಿಗಿಂತ ಅವರ ಬ್ಯಾಲೆನ್ಸ್, ಬಿ.ಪಿ. ಎರಡೂ ಸುಧಾರಿಸಿದ್ದವು. 2005ರ ವರದಿ.

ಇಬ್ಬನಿ ನಡಿಗೆ ನಮ್ಮದೊಂದೇ ಅಂತಲೂ ಅಲ್ಲ. ಜರ್ಮನಿಯ ಬವೇರಿಯಾದಲ್ಲಿ ಸೆಬಾಸ್ಟಿಯನ್ ಕ್ನೈಪ್ (1821–1897) ಎಂಬ ಪಾದ್ರಿ ಇದನ್ನೇ ಚಿಕಿತ್ಸೆ ಅಂತ ಮಾಡಿಸುತ್ತಿದ್ದರು. ಅವರ ಒಂದು ಮಾತು ನನಗೆ ಇಷ್ಟ: ಸ್ವಲ್ಪ ಹೊತ್ತು ಮಾತ್ರ ನಡೆಯಿರಿ, ಮೇಲೆ ಒಣ ಸಾಕ್ಸ್ ಹಾಕಿ ಕಾಲು ಬೆಚ್ಚಗಾಗುವವರೆಗೆ ಓಡಾಡಿ. ಥಂಡಿ ಹಿಡಿಸಿಕೊಳ್ಳುವುದು ಸಾಧನೆ ಅಲ್ಲ ಅಂತ ಅವರಿಗೂ ಗೊತ್ತಿತ್ತು.

ಎಲ್ಲಿ ನಡೆಯಬಾರದು ಅಂತಲೂ ಹೇಳಿಬಿಡುತ್ತೇನೆ. ಬಯಲಿಗೆ ಹೋಗುವ ಜಾಗ, ನಾಯಿ ಗಲೀಜು ಮಾಡುವ ಪಾರ್ಕಿನ ಮೂಲೆ, ಮಳೆಗಾಲದ ನೆರಳು ತೋಟ. ಕೊಕ್ಕೆಹುಳುವಿನ ಮರಿಗಳು ತೇವದ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿಯೇ ಒಳಗೆ ಬರುತ್ತವೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ತೋಟದ ಕೂಲಿಯವರ ರಕ್ತಹೀನತೆಗೆ ಇದೂ ಒಂದು ಕಾರಣ. ಭಾವನ ಅಪ್ಪ ಮೆಟ್ಟು ಹಾಕದೆ ಗದ್ದೆ ಉತ್ತಿದ್ದು ಇಷ್ಟಪಟ್ಟೋ, ಕೊಳ್ಳಲು ಆಗದೆಯೋ, ಅದನ್ನು ಭಾವನ ಹತ್ತಿರ ಕೇಳಲಿಲ್ಲ. ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷ ಆಯಿತು ಅಂತಲೂ ನೋಡಿಕೊಳ್ಳಿ.

ಹತ್ತೂವರೆಗೆ ಕೆಳಗೆ ಬಂದೆವು. ಡಿಸೆಂಬರ್ ಅಂತ ಧೈರ್ಯ ಬೇಡ, ಬಿಸಿಲೇರಿದ ಮೇಲೆ ಬಂಡೆ ಚುರ್ ಅನ್ನುತ್ತದೆ. ತಡವಾಗಿ ಹತ್ತುತ್ತಿದ್ದವರು ರೈಲಿಂಗ್ ನೆರಳು ಹುಡುಕಿಕೊಂಡು ಕುಣಿಯುತ್ತಿದ್ದರು. ಅದಕ್ಕೇ ಚಂದ್ರಗಿರಿ ಇನ್ನೊಂದು ಸಲಕ್ಕೆ ಬಿಟ್ಟೆವು.

ಭಾವ ಅಷ್ಟರಲ್ಲಿ ಎರಡು ಪೊಟ್ಟಣ ಚುರುಮುರಿ ಮುಗಿಸಿ, ಪಕ್ಕದವರ ಜೊತೆ ರಾಜಕೀಯ ಮಾತಾಡುತ್ತಾ ಖುಷಿಯಾಗಿದ್ದರು. ಮನೆಗೆ ಬಂದ ಮೇಲೆ ಅಕ್ಕ ಅವರ ಕಾಲು ತೊಳೆಸಿ, ಬೆರಳ ಸಂದೂ ಒರೆಸಿ, ಟಾರ್ಚ್ ಹಾಕಿ ನೋಡಿದಳು. ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಪರೀಕ್ಷೆ ಮಾಡುತ್ತಾರೆ ಭಾವ, ನೋವಾಗಲ್ಲ, ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು ಅಂದೆ. "ಸಂಕ್ರಾಂತಿ ಆದ್ಮೇಲೆ ನೋಡೋಣ" ಅಂದರು. ಗುರುವಾರ ಹತ್ತು ಗಂಟೆಗೆ ಬರುತ್ತೇವೆ ಅಂತ ಅಕ್ಕ ಆಗಲೇ ಫೋನ್ ಮಾಡಿಯಾಗಿತ್ತು.