ಶಾಲು, ಹಣ್ಣಿನ ಬುಟ್ಟಿ ಮತ್ತು ಉಮಾಬಾಯಿ

ಕಳೆದ ವಾರ ಹುಬ್ಬಳ್ಳಿಯಲ್ಲಿ ಸಮಾಜಸೇವೆಗೈದ ಮಹಿಳೆಯರ ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ಸ್ವಸಹಾಯ ಸಂಘ ಕಟ್ಟಿದವರಿಗೂ, ಬಾಣಂತಿಯರ ಮನೆಮನೆಗೆ ಅಲೆದ ಆಶಾ ಕಾರ್ಯಕರ್ತೆಗೂ ಶಾಲು, ಹಣ್ಣಿನ ಬುಟ್ಟಿ ಸಂದರೂ ಮಾತನಾಡಲು ಮಾತ್ರ ಸಮಯ ಸಿಗಲಿಲ್ಲ. ಅತಿಥಿಗಳ ಭಾಷಣಗಳೇ ಅದನ್ನು ನುಂಗಿದ್ದವು.

ಆಗ ನೆನಪಾದವರು ಇದೇ ಊರಿನಲ್ಲಿ ದುಡಿದ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ. ಭಗಿನಿ ಮಂಡಲವೆಂಬ ಮಹಿಳಾ ಸಂಘವನ್ನು ಕಟ್ಟಿ, ತಿಲಕ ಕನ್ಯಾಶಾಲೆಯನ್ನು ನೋಡಿಕೊಂಡು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿ, 1932ರಲ್ಲಿ ಯರವಾಡ ಜೈಲು ಕಂಡ ಅವರು, ಸ್ವಾತಂತ್ರ್ಯಾನಂತರ ಹೋರಾಟಗಾರರಿಗೆ ಸರ್ಕಾರ ಗೌರವವಾಗಿ ಕೊಟ್ಟ ತಾಮ್ರಪತ್ರವನ್ನೂ ಪಿಂಚಣಿಯನ್ನೂ ನಿರಾಕರಿಸಿದರು.

ಹಾಗೆಂದು ಸನ್ಮಾನವೇ ಬೇಡವೆನ್ನಲಾರೆ: ಆ ಆಶಾ ಕಾರ್ಯಕರ್ತೆ ಶಾಲನ್ನು ಎರಡೆರಡು ಬಾರಿ ಮಡಚಿ ಚೀಲಕ್ಕಿಟ್ಟುಕೊಂಡದ್ದನ್ನು ಕಂಡಿದ್ದೇನೆ. ಮುಂದಿನ ವರ್ಷ ಮೊದಲು ಮೈಕನ್ನು ಸನ್ಮಾನಿತರ ಕೈಗೇ ಕೊಡಿರೆಂದು ಸಂಘಟಕರಿಗೆ ಪತ್ರ ಬರೆದಿದ್ದೇನೆ.